ಮಾದರಿಯಿಂದ ಕಾರ್ಖಾನೆಗೆ: ‘ಹಂಸ’ ವಿಮಾನದ ಇತಿಹಾಸದ ಒಂದು ಸಮೀಕ್ಷೆ

೧

ವಿಮಾನಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಒಂದು ವಿಮಾನವು ಮೊದಲ ಸಲ ನೆಲವನ್ನು ಬಿಟ್ಟೆದ್ದ ದಿನಕ್ಕೆ ಹೆಚ್ಚಿನ ಮಹತ್ವವನ್ನು ಕೊಡುತ್ತಾರೆ. ಆ ದಿನದ ತಾರೀಖು, ಹಾರಿಸಿದವರ ಹೆಸರು, ಗಾಳಿಯಲ್ಲಿ ಕಳೆದ ನಿಮಿಷಗಳು ಇವೆಲ್ಲವೂ ಜೋಪಾನವಾಗಿ ದಾಖಲಾಗುತ್ತವೆ. ಆದರೆ ಆ ಒಂದು ವಿಮಾನದ ಹಿಂದೆ ಅದರಂತಹವೇ ಹತ್ತಾರು, ನೂರಾರು ವಿಮಾನಗಳು ಕಾರ್ಖಾನೆಯಿಂದ ಹೊರಬಂದವೋ ಇಲ್ಲವೋ, ಬರದಿದ್ದರೆ ಅದಕ್ಕೆ ಕಾರಣವೇನು ಎಂಬ ಪ್ರಶ್ನೆಯು ಬದಿಗೆ ಸರಿಯುತ್ತದೆ. ಕೈಗಾರಿಕೆಯ ಇತಿಹಾಸದ ದೃಷ್ಟಿಯಿಂದ ನೋಡಿದರೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಹಂಸ’ ಎಂಬ ಎರಡು ಆಸನಗಳ ಹಗುರ ವಿಮಾನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾರಬಲ್ಲ ಒಂದು ವಿಮಾನವನ್ನು ಕಟ್ಟುವುದು ಒಂದು ವಿದ್ಯೆ. ಅದರಂತೆಯೇ ಇರುವ ಇನ್ನೊಂದನ್ನು ಬೇರೊಬ್ಬರ ಕೈಯಿಂದ ಕಟ್ಟಿಸುವುದು ಬೇರೆಯೇ ಒಂದು ವಿದ್ಯೆ. ನಮ್ಮ ಸುತ್ತಲಿನ ಬದುಕಿನಿಂದಲೇ ಇದಕ್ಕೆ ಉದಾಹರಣೆಯನ್ನು ಕೊಡಬಹುದು. ಕಲಘಟಗಿ ತಾಲೂಕಿನ ತಂಬೂರದಂತಹ ಊರುಗಳಲ್ಲಿ ಬಡಗಿಯು ಚಕ್ಕಡಿಯನ್ನು ಕಟ್ಟುತ್ತಿದ್ದಾಗ ಅದರ ಅಳತೆಗಳು ಕಾಗದದ ಮೇಲಿರುತ್ತಿರಲಿಲ್ಲ. ಅವನ ಕಣ್ಣಿನಲ್ಲಿಯೂ ಕೈಯಲ್ಲಿಯೂ ಇರುತ್ತಿದ್ದವು. ಗಾಲಿ ಸಡಿಲಾದರೆ ಕಟ್ಟಿದವನೇ ಬಂದು ಬಿಗಿಮಾಡುತ್ತಿದ್ದನು. ಒಂದು ಚಕ್ಕಡಿಯ ಗಾಲಿ ಇನ್ನೊಂದಕ್ಕೆ ಕೂಡದಿದ್ದರೂ ಯಾರಿಗೂ ಹಾನಿಯಿರಲಿಲ್ಲ. ಹವ್ಯಾಸಿಯೊಬ್ಬನು ತನ್ನ ಮನೆಯ ಹಿತ್ತಿಲಿನಲ್ಲಿ ಕಟ್ಟಿಕೊಳ್ಳುವ ವಿಮಾನದ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿದೆ. ಕಟ್ಟಿದವನೂ ಹಾರಿಸುವವನೂ ದುರಸ್ತಿ ಮಾಡುವವನೂ ಒಬ್ಬನೇ. ಅದೇ ವಿಮಾನವು ಕಾರ್ಖಾನೆಯ ಸರಕಾದಾಗ ಈ ಮೂವರೂ ಬೇರೆ ಬೇರೆಯಾಗುತ್ತಾರೆ. ಒಬ್ಬರ ಮುಖವನ್ನು ಒಬ್ಬರು ಕಂಡೂ ಇರುವುದಿಲ್ಲ. ಹೀಗೆ ಬೇರೆಯಾದವರ ನಡುವೆ ನಂಬಿಕೆಯನ್ನು ಕಟ್ಟುವ ಕೆಲಸವು ವಿಮಾನವನ್ನು ಕಟ್ಟುವ ಕೆಲಸಕ್ಕಿಂತ ಹೆಚ್ಚು ಕಾಲವನ್ನು ಬೇಡುತ್ತದೆಂಬುದನ್ನು ಹಂಸದ ಇತಿಹಾಸವು ತೋರಿಸಿಕೊಡುತ್ತದೆ.

೨

ಈ ಕಥೆಯ ಮೂಲವನ್ನು ಅರಸಿಕೊಂಡು ನಾವು ಅಮೆರಿಕದ ಕ್ಯಾಲಿಫೋರ್ನಿಯಾದ ಮೊಹಾವಿ ಎಂಬ ಮರುಭೂಮಿಯ ಊರಿಗೆ ಹೋಗಬೇಕಾಗುತ್ತದೆ. ಬರ್ಟ್ ರುಟಾನ್ ಎಂಬ ವಿನ್ಯಾಸಕಾರನು ಅಲ್ಲಿ ಹವ್ಯಾಸಿಗಳಿಗಾಗಿ ವಿಮಾನಗಳನ್ನು ರೂಪಿಸಿದನು. ೧೯೭೫ರಲ್ಲಿ ಅವನ ‘ವೇರಿ-ಈಝೀ’ ವಿಮಾನವೂ, ೧೯೭೯ರಲ್ಲಿ ಅದರ ಮುಂದುವರಿದ ರೂಪವಾದ ‘ಲಾಂಗ್-ಈಝೀ’ ವಿಮಾನವೂ ಹಾರಿದವು. ರುಟಾನನು ಇವುಗಳನ್ನು ತಯಾರಿಸಿ ಮಾರಲಿಲ್ಲ. ಅವುಗಳನ್ನು ಕಟ್ಟುವ ಕ್ರಮವನ್ನು ವಿವರಿಸುವ ನಕಾಶೆಗಳನ್ನು ಮಾತ್ರ ಮಾರಿದನು. ಕೊಂಡವರು ತಮ್ಮ ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ದುಡಿದು ವಿಮಾನವನ್ನು ಕಟ್ಟಿಕೊಳ್ಳಬೇಕಾಗಿತ್ತು.

ಲಾಂಗ್-ಈಝೀಯ ರೂಪವೇ ವಿಲಕ್ಷಣವಾದುದು. ಬಾಲದ ಅಡ್ಡರೆಕ್ಕೆಯು ಹಿಂದಿರುವ ಬದಲು ಮುಂಭಾಗದಲ್ಲಿರುತ್ತದೆ. ಇದನ್ನು ‘ಕೆನಾರ್ಡ್’ ಎನ್ನುತ್ತಾರೆ. ಎಂಜಿನ್ ಮತ್ತು ಪ್ರೊಪೆಲ್ಲರ್ ಹಿಂದಿದ್ದು ವಿಮಾನವನ್ನು ನೂಕುತ್ತವೆ. ಇಬ್ಬರು ಒಬ್ಬರ ಹಿಂದೊಬ್ಬರಂತೆ ಕುಳಿತುಕೊಳ್ಳುತ್ತಾರೆ. ನಿಲ್ಲಿಸಿದಾಗ ಮುಂದಿನ ಗಾಲಿಯನ್ನು ಒಳಗೆ ಮಡಚಿ, ಮೂಗನ್ನು ನೆಲಕ್ಕೂರಿ ಬಿಡಲಾಗುತ್ತದೆ. ಆದರೆ ನಮ್ಮ ವಿಷಯಕ್ಕೆ ಅದರ ರೂಪಕ್ಕಿಂತಲೂ ಅದನ್ನು ಕಟ್ಟುವ ರೀತಿಯು ಮುಖ್ಯ. ಹಗುರವಾದ ಫೋಮಿನ ದಿಮ್ಮಿಯನ್ನು ಕಾಯಿಸಿದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಹಾಸಿ, ಎಪಾಕ್ಸಿ ಎಂಬ ರಾಳವನ್ನು ಸವರಿ ಗಟ್ಟಿಯಾಗಲು ಬಿಡುವುದೇ ಆ ರೀತಿ. ಇದಕ್ಕೆ ಅಚ್ಚು ಬೇಡ, ದೊಡ್ಡ ಯಂತ್ರ ಬೇಡ. ಒಂದೇ ವಿಮಾನವನ್ನು ಕಟ್ಟುವವನಿಗೆ ಇದಕ್ಕಿಂತ ಅನುಕೂಲವಾದ ಮಾರ್ಗವಿಲ್ಲ.

ಅನುಕೂಲದೊಂದಿಗೆ ಅಪಾಯವೂ ಇತ್ತು. ರಾಳವು ಹೆಚ್ಚಾದರೆ ತೂಕ ಬೆಳೆಯುತ್ತದೆ, ಕಡಿಮೆಯಾದರೆ ಪದರಗಳು ಬಿಡುತ್ತವೆ; ಗಟ್ಟಿಯಾದ ಮೇಲೆ ಒಳಗಿನ ದೋಷವು ಹೊರಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಕಟ್ಟುವವನು ನಕಾಶೆಯನ್ನು ತನ್ನ ಇಷ್ಟದಂತೆ ಬದಲಾಯಿಸಿಕೊಳ್ಳುವುದೂ ಉಂಟು. ೧೯೯೭ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ತಾನು ಆಗತಾನೆ ಕೊಂಡಿದ್ದ ಲಾಂಗ್-ಈಝೀಯಲ್ಲಿ ಮಾಂಟೆರೆ ಕೊಲ್ಲಿಯ ನೀರಿಗೆ ಬಿದ್ದು ಮೃತನಾದನು. ಇಂಧನದ ಟ್ಯಾಂಕನ್ನು ಬದಲಾಯಿಸುವ ಹಿಡಿಕೆಯು ನಕಾಶೆಯ ಪ್ರಕಾರ ಚಾಲಕನ ಕಾಲುಗಳ ನಡುವೆ ಇರಬೇಕಾಗಿತ್ತು. ಆ ವಿಮಾನವನ್ನು ಕಟ್ಟಿದವನು ಅದನ್ನು ಚಾಲಕನ ಎಡಹೆಗಲಿನ ಹಿಂದೆ ಇರಿಸಿದ್ದನೆಂದು ವಿಚಾರಣೆಯಲ್ಲಿ ಕಂಡುಬಂದಿತು. ಕಟ್ಟಿದವನಿಗೆ ಅದರ ಅಭ್ಯಾಸವಿದ್ದಿರಬಹುದು, ಕೊಂಡವನಿಗೆ ಇರಲಿಲ್ಲ. ಕಟ್ಟಿದವನ ಕೈಯಿಂದ ಜಾರಿ ಮತ್ತೊಬ್ಬನ ಕೈಗೆ ಹೋದೊಡನೆ ಮನೆಯಲ್ಲಿ ಕಟ್ಟಿದ ವಿಮಾನವು ಬೇರೆಯೇ ವಸ್ತುವಾಗುತ್ತದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನವು ಬೇಕಿಲ್ಲ. ಸ್ವತಃ ರುಟಾನನೇ ಕಾನೂನಿನ ಹೊಣೆಗಾರಿಕೆಯ ಭಯದಿಂದ ೧೯೮೫ರಲ್ಲಿಯೇ ನಕಾಶೆಗಳ ಮಾರಾಟವನ್ನು ನಿಲ್ಲಿಸಿದ್ದನು.

೩

ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ೧೯೫೯ರಲ್ಲಿ ಸ್ಥಾಪಿತವಾಗಿ, ಮರುವರ್ಷ ಬೆಂಗಳೂರಿಗೆ ಬಂದಿತು. ಮೊದಲ ದಶಕಗಳಲ್ಲಿ ಅದರ ಕೆಲಸವು ಮುಖ್ಯವಾಗಿ ಸಂಶೋಧನೆಯದು: ಗಾಳಿಸುರಂಗದ ಪರೀಕ್ಷೆಗಳು, ಲೋಹಗಳ ದಣಿವಿನ ಅಧ್ಯಯನ ಮುಂತಾದವು. ಪ್ರೊಫೆಸರ್ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ೧೯೮೦ರ ದಶಕದಲ್ಲಿ, ಇಡಿಯ ವಿಮಾನವನ್ನೇ ಕಟ್ಟಿ ನೋಡುವ ಪ್ರಯತ್ನಕ್ಕೆ ಅದು ಕೈಹಾಕಿತು. ಲಾಂಗ್-ಈಝೀ ವಿನ್ಯಾಸವನ್ನು ಆಧರಿಸಿ ಅಲ್ಲಿ ಸಿದ್ಧವಾದ ‘ಹಗುರ ಕೆನಾರ್ಡ್ ಸಂಶೋಧನಾ ವಿಮಾನ’ವು ೧೯೮೭ರಲ್ಲಿ ಹಾರಿತು. ಹವ್ಯಾಸಿಗಳ ಹಿತ್ತಿಲಿನಿಂದ ಬಂದ ವಿದ್ಯೆಯೊಂದು ಹೀಗೆ ಸರಕಾರಿ ಪ್ರಯೋಗಾಲಯದ ಅಂಗಳವನ್ನು ಪ್ರವೇಶಿಸಿತು.

ಇದರ ಮುಂದಿನ ಹೆಜ್ಜೆಯು ಗಮನಾರ್ಹವಾದುದು. ಪ್ರಯೋಗಾಲಯವು ಈ ಕೆನಾರ್ಡ್ ವಿಮಾನವನ್ನೇ ಕಾರ್ಖಾನೆಗೆ ಒಯ್ಯಲಿಲ್ಲ. ಹಾರಾಟದ ಕ್ಲಬ್ಬುಗಳಿಗೆ ಬೇಕಾಗಿದ್ದುದು ತರಬೇತಿಯ ವಿಮಾನ. ಗುರುವೂ ಶಿಷ್ಯನೂ ಮಗ್ಗುಲಲ್ಲಿ ಕುಳಿತರೆ ಗುರುವಿಗೆ ಶಿಷ್ಯನ ಕೈಗಳೂ ಕಾಲುಗಳೂ ಕಾಣುತ್ತವೆ. ಒಬ್ಬರ ಹಿಂದೊಬ್ಬರು ಕುಳಿತರೆ ಕಾಣುವುದಿಲ್ಲ. ವೇಗವು ಕುಗ್ಗಿದಾಗ ರೆಕ್ಕೆಯು ಎತ್ತುವ ಬಲವನ್ನು ಕಳೆದುಕೊಳ್ಳುವ ‘ಸ್ಟಾಲ್’ ಎಂಬ ಸ್ಥಿತಿಯನ್ನು ಪ್ರತಿಯೊಬ್ಬ ಶಿಷ್ಯನೂ ಅನುಭವಿಸಿ, ಅದರಿಂದ ಪಾರಾಗುವುದನ್ನು ಕಲಿಯಬೇಕು. ಆ ಸ್ಥಿತಿಗೆ ಸುಲಭವಾಗಿ ಹೋಗದಂತೆ ರೂಪಿಸಿದ ಕೆನಾರ್ಡ್ ವಿಮಾನವು ಹವ್ಯಾಸಿಗೆ ರಕ್ಷೆಯಾದರೂ ಪಾಠಕ್ಕೆ ಅಡ್ಡಿಯಾಗುತ್ತದೆ. ಆದುದರಿಂದ ೧೯೯೩ರ ನವೆಂಬರಿನಲ್ಲಿ ಮೊದಲು ಹಾರಿದ ‘ಹಂಸ’ವು ರೂಪದಲ್ಲಿ ಎಲ್ಲರಿಗೂ ಪರಿಚಿತವಾದ ವಿಮಾನವೇ ಆಗಿತ್ತು: ಮುಂದೆ ಎಂಜಿನ್, ಕೆಳಗೆ ರೆಕ್ಕೆ, ಮಗ್ಗುಲಲ್ಲಿ ಎರಡು ಆಸನಗಳು, ಮೂರು ಗಾಲಿಗಳು. ಹಿಂದಿನ ಪ್ರಯೋಗದಿಂದ ಅದು ಉಳಿಸಿಕೊಂಡದ್ದು ಗಾಜಿನ ನಾರು ಮತ್ತು ರಾಳಗಳ ಸಂಯುಕ್ತ ಪದಾರ್ಥವನ್ನು. ರೂಪವನ್ನು ಬಿಟ್ಟು ಪದಾರ್ಥವನ್ನು ಇಟ್ಟುಕೊಂಡ ಈ ವಿವೇಚನೆಯು ಪ್ರಯೋಗಾಲಯದ ಪ್ರೌಢಿಮೆಗೆ ಸಾಕ್ಷಿಯಾಗಿದೆ.

ಕಾಲವೂ ಅನುಕೂಲವಾಗಿತ್ತು. ಹವ್ಯಾಸಿಯ ವಿಮಾನಕ್ಕೆ ಪೂರ್ಣ ಪ್ರಮಾಣಪತ್ರದ ಹಂಗಿಲ್ಲ. ದೊಡ್ಡ ವಿಮಾನಗಳ ನಿಯಮಗಳಾದರೋ ಎರಡು ಆಸನಗಳ ಯಂತ್ರಕ್ಕೆ ಹೊರಲಾರದ ಭಾರ. ಇವೆರಡರ ನಡುವಿನ ಮೆಟ್ಟಿಲಾಗಿ ಯುರೋಪಿನ ವೈಮಾನಿಕ ಅಧಿಕಾರಿಗಳು ೧೯೯೦ರಲ್ಲಿ ‘ಅತಿ ಹಗುರ ವಿಮಾನ’ಗಳ ನಿಯಮಾವಳಿಯನ್ನು ಪ್ರಕಟಿಸಿದರು. ಇದರ ಪ್ರಕಾರ ವಿಮಾನಕ್ಕೆ ಒಂದೇ ಎಂಜಿನ್, ಎರಡಕ್ಕೆ ಮೀರದ ಆಸನಗಳು ಇರಬೇಕು. ಒಟ್ಟು ತೂಕವು ೭೫೦ ಕಿಲೋಗ್ರಾಮುಗಳನ್ನು ಮೀರಬಾರದು. ಸ್ಟಾಲಿನ ವೇಗವು ಗಂಟೆಗೆ ೪೫ ನಾಟಿಕಲ್ ಮೈಲಿಗಳ ಒಳಗಿರಬೇಕು. ಹಂಸದ ಪ್ರಮಾಣಪತ್ರಕ್ಕೆ ಈ ನಿಯಮಾವಳಿಯೇ ಆಧಾರವಾಯಿತು.

೪

ನಿಯಮದ ಭಾಷೆಯಲ್ಲಿ ಕಾರ್ಖಾನೆಯ ವಿಮಾನವು ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕೊಡಬೇಕಾಗುತ್ತದೆ. ಈ ವಿನ್ಯಾಸವು ಸುರಕ್ಷಿತವೇ? ಈ ಕಾರ್ಖಾನೆಯು ವಿನ್ಯಾಸಕ್ಕೆ ಸರಿಯಾಗಿ ತಯಾರಿಸಬಲ್ಲುದೇ? ಎದುರಿಗೆ ನಿಂತಿರುವ ಈ ಒಂದು ವಿಮಾನವು ಹಾಗೆಯೇ ತಯಾರಾಗಿದೆಯೇ? ಮೊದಲನೆಯದಕ್ಕೆ ಉತ್ತರವು ಮಾದರಿ ಪ್ರಮಾಣಪತ್ರ. ಎರಡನೆಯದಕ್ಕೆ ಉತ್ಪಾದನೆಯ ಅನುಮತಿ. ಮೂರನೆಯದಕ್ಕೆ ಪ್ರತಿಯೊಂದು ವಿಮಾನಕ್ಕೂ ಬೇರೆಯಾಗಿ ಸಿಗುವ ಹಾರಾಟಯೋಗ್ಯತೆಯ ಪತ್ರ. ಹವ್ಯಾಸಿಯು ಈ ಮೂರನ್ನೂ ತನ್ನ ಮನಸ್ಸಾಕ್ಷಿಯಲ್ಲಿಯೇ ಬಗೆಹರಿಸಿಕೊಳ್ಳುತ್ತಾನೆ. ಕಾರ್ಖಾನೆಯು ಮೂರನ್ನೂ ಕಾಗದದ ಮೇಲೆ ಸಾಧಿಸಿ ತೋರಿಸಬೇಕು.

ಮೊದಲನೆಯ ಪ್ರಶ್ನೆಗೇ ಹಂಸವು ಆರು ವರ್ಷಗಳಿಗಿಂತ ಹೆಚ್ಚು ಕಾಲವನ್ನು ತೆಗೆದುಕೊಂಡಿತು. ಆರಂಭದ ಮಾದರಿಗಳಲ್ಲಿ ಕಾಂಟಿನೆಂಟಲ್ ಎಂಜಿನ್ ಇತ್ತು. ೧೯೯೬ರಲ್ಲಿ ಹಾರಿದ ‘ಹಂಸ-೩’ರಲ್ಲಿ ಆಸ್ಟ್ರಿಯಾ ದೇಶದ ರೊಟಾಕ್ಸ್ ಎಂಜಿನನ್ನು ಕೂಡಿಸಲಾಯಿತು, ಇದು ಹೆಚ್ಚು ಹಗುರವಾದುದು. ಇದರಲ್ಲಿ ಗಾಳಿಯನ್ನು ಒತ್ತಿ ಎಂಜಿನಿಗೆ ಊಡಿಸುವ ಟರ್ಬೋಚಾರ್ಜರ್ ಇದ್ದುದರಿಂದ, ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿಯೂ ಶಕ್ತಿಯು ಕುಂದುತ್ತಿರಲಿಲ್ಲ. ೧೯೯೮ರಲ್ಲಿ ಎರಡನೆಯ ಹಂಸ-೩ ಹಾರಿತು. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ೨೦೦೦ದ ಫೆಬ್ರವರಿಯಲ್ಲಿ ಮೇಲೆ ಹೇಳಿದ ನಿಯಮಾವಳಿಯಂತೆ ಮಾದರಿ ಪ್ರಮಾಣಪತ್ರವನ್ನು ಕೊಟ್ಟಿತು. ನಿಯಮವು ಅನುಮತಿಸುವ ೭೫೦ ಕಿಲೋಗ್ರಾಮುಗಳೇ ಹಂಸ-೩ರ ಗರಿಷ್ಠ ತೂಕವಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಅಂದರೆ ಕಾರ್ಖಾನೆಯಲ್ಲಿ ಕೈತಪ್ಪಿ ಸವರಿದ ಒಂದೊಂದು ಕಿಲೋಗ್ರಾಂ ರಾಳವೂ ಇಂಧನದಿಂದಲೋ ಸಾಮಾನಿನಿಂದಲೋ ಕಳೆಯಬೇಕಾದ ತೂಕವಾಗುತ್ತದೆ.

ಸಂಯುಕ್ತ ಪದಾರ್ಥದ ಮತ್ತೊಂದು ಗುಣವನ್ನು ಇಲ್ಲಿ ಹೇಳಬೇಕು. ಲೋಹದ ತಗಡು ಕಾರ್ಖಾನೆಗೆ ಬರುವಾಗಲೇ ತನ್ನ ಬಲವನ್ನು ತಂದಿರುತ್ತದೆ. ಗಾಜಿನ ನಾರು ಮತ್ತು ರಾಳಗಳ ಪದಾರ್ಥವಾದರೋ ರೆಕ್ಕೆಯು ರೂಪುಗೊಳ್ಳುವ ಹೊತ್ತಿನಲ್ಲಿಯೇ ಹುಟ್ಟುತ್ತದೆ. ಅಂದಿನ ಶಾಖ, ಗಾಳಿಯ ತೇವ, ಕೆಲಸಗಾರನ ಕೈಯ ಒತ್ತಡ ಎಲ್ಲವೂ ಅದರ ಬಲದೊಳಗೆ ಸೇರುತ್ತವೆ. ಮೇಲಾಗಿ ಅದು ಬಿಸಿಲಿಗೆ ಮೆದುವಾಗುವ ಪದಾರ್ಥ. ಇಂತಹ ವಿಮಾನಗಳಿಗೆ ಬಿಳಿಯ ಬಣ್ಣವನ್ನೇ ಬಳಿಯುವುದು ಅಂದಕ್ಕಾಗಿ ಅಲ್ಲ, ಮೈ ಕಾಯದಿರಲೆಂದು. ಬಿಳಿಯ ಬಣ್ಣದ ವಿಮಾನದ ಬಲವನ್ನೂ ೫೪ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಪರೀಕ್ಷಿಸಿ ತೋರಿಸುವುದು ರೂಢಿ. ವಿಮಾನವು ತನ್ನ ತೂಕದ ೩.೮ ಪಟ್ಟು ಭಾರವನ್ನು ವಿಕಾರವಾಗದೆ ತಾಳಬೇಕು. ಅದರ ಒಂದೂವರೆ ಪಟ್ಟು ಭಾರಕ್ಕೆ ಮುರಿಯದೆ ನಿಲ್ಲಬೇಕು. ಒಂದು ರೆಕ್ಕೆಯನ್ನು ಹೀಗೆ ಪರೀಕ್ಷಿಸಬಹುದು; ಮಾರುವ ಪ್ರತಿಯೊಂದು ರೆಕ್ಕೆಯನ್ನೂ ಮುರಿದು ನೋಡುವುದು ಸಾಧ್ಯವಿಲ್ಲವಷ್ಟೆ. ಆದುದರಿಂದ ಮುರಿಯದ ರೆಕ್ಕೆಯೂ ಪರೀಕ್ಷಿಸಿದ ರೆಕ್ಕೆಯಂತೆಯೇ ಇದೆಯೆಂದು ನಂಬಲು ಆಧಾರವಾಗಿರುವುದು ಅಚ್ಚು, ಅಳತೆ, ದಿನದಿನದ ದಾಖಲೆ ಮತ್ತು ತರಬೇತಾದ ಕೈಗಳು. ಹಿತ್ತಿಲಿನಲ್ಲಿ ಬೇಡವಾಗಿದ್ದ ಅಚ್ಚು ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾಗುತ್ತದೆ.

೫

ಎರಡನೆಯ ಪ್ರಶ್ನೆಗೆ, ಎಂದರೆ ತಯಾರಿಕೆಗೆ, ಆರಿಸಲಾದುದು ತನೇಜಾ ಏರೋಸ್ಪೇಸ್ ಅಂಡ್ ಏವಿಯೇಷನ್ ಎಂಬ ಖಾಸಗಿ ಸಂಸ್ಥೆ. ಬೆಂಗಳೂರಿನಿಂದ ದೂರವಿಲ್ಲದ, ಕನ್ನಡ ಮಾತೂ ಕೇಳಿಬರುವ ಹೊಸೂರು ಸೀಮೆಯ ಬೆಳಗೊಂಡಪಳ್ಳಿಯಲ್ಲಿ ಅದರ ಕಾರ್ಖಾನೆಯೂ ಸ್ವಂತ ಓಟದ ಹಾದಿಯೂ ಇದ್ದವು. ಇಟಲಿಯ ಪಾರ್ತೆನಾವಿಯಾ ಸಂಸ್ಥೆಯ ಸಹಯೋಗದಿಂದ ಎರಡು ಎಂಜಿನುಗಳ ಲಘು ವಿಮಾನವನ್ನು ಜೋಡಿಸಿದ ಅನುಭವವೂ ಅದಕ್ಕಿತ್ತು. ಹೀಗೆ ತಯಾರಾದ ಹಂಸಗಳಲ್ಲಿ ಹೆಚ್ಚಿನವು ದೇಶದ ಹಾರಾಟ ಕ್ಲಬ್ಬುಗಳಿಗೆ ಹೋದವು; ಒಂದು ಕಾನ್ಪುರದ ಐ.ಐ.ಟಿ.ಗೆ ಸೇರಿ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಹಾರುವ ಪ್ರಯೋಗಶಾಲೆಯಾಯಿತು. ಆದರೆ ಮಾದರಿಗಳನ್ನೂ ಸೇರಿಸಿದರೆ ಒಟ್ಟು ಸಂಖ್ಯೆಯು ೧೪ರಷ್ಟೇ.

ಈ ಸಂಖ್ಯೆಯ ಅರ್ಥವು ಹೋಲಿಕೆಯಿಂದ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ‘ಎಚ್.ಟಿ.-೨’ ೧೯೫೧ರಲ್ಲಿಯೂ ‘ಪುಷ್ಪಕ’ ೧೯೫೮ರಲ್ಲಿಯೂ ಹಾರಿದವು. ಎರಡೂ ತಲಾ ೧೫೦ಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು. ಪುಷ್ಪಕವು ಬಟ್ಟೆ ಹೊದಿಸಿದ ಸರಳ ವಿಮಾನ. ವಿದ್ಯೆಯಲ್ಲಿ ಹಂಸಕ್ಕಿಂತ ಮುಂದಿದ್ದುದೇನೂ ಅಲ್ಲ. ಆದರೆ ವಿನ್ಯಾಸ ಮಾಡಿದವರೂ ತಯಾರಿಸಿದವರೂ ಒಂದೇ ಸೂರಿನಡಿ ಇದ್ದರು, ಎಚ್.ಟಿ.-೨ಕ್ಕೆ ಸೈನ್ಯವೂ ಪುಷ್ಪಕಕ್ಕೆ ಹಾರಾಟ ಕ್ಲಬ್ಬುಗಳೂ ಗಿರಾಕಿಗಳಾಗಿ ಕಾದಿದ್ದವು.

ಹವ್ಯಾಸಿಯ ವಿನ್ಯಾಸವೇ ಕಾರ್ಖಾನೆಯನ್ನು ಸೇರಿದ ಹೊರನಾಡಿನ ನಿದರ್ಶನಗಳೂ ಇದನ್ನೇ ಹೇಳುತ್ತವೆ. ಫ್ರಾನ್ಸಿನಲ್ಲಿ ಜೋಲಿ ಮತ್ತು ದೆಲೆಮೋಂತೆ ಎಂಬಿಬ್ಬರು ೧೯೪೮ರಲ್ಲಿ ಹಾರಿಸಿದ ‘ಜೋದೆಲ್’ ಎಂಬ ಒಂದು ಆಸನದ ಮರದ ವಿಮಾನವು ಹವ್ಯಾಸಿಗಳ ವಿಮಾನವಾಗಿತ್ತು. ಅಲ್ಲಿಯ ಸರಕಾರವು ಅದರಲ್ಲಿ ಆಸಕ್ತಿಯನ್ನು ತೋರಿದ ಮೇಲೆ ಎರಡು ಆಸನಗಳ ರೂಪವು ಹುಟ್ಟಿ, ಹಲವು ಕಾರ್ಖಾನೆಗಳಲ್ಲಿ ತಯಾರಾಗಿ ಫ್ರಾನ್ಸಿನ ಕ್ಲಬ್ಬುಗಳನ್ನು ತುಂಬಿತು. ಅಮೆರಿಕದ ಪಾಜ್ಮಾನಿ ಎಂಬಾತನು ಹವ್ಯಾಸಿಗಳಿಗಾಗಿ ರೂಪಿಸಿದ ‘ಪಿ.ಎಲ್.-೧’ ೧೯೬೨ರಲ್ಲಿ ಹಾರಿತು. ತೈವಾನಿನ ವಾಯುಸೈನ್ಯವು ಅದರ ನಕಾಶೆಯನ್ನು ಕೊಂಡು ೧೯೬೮ರಲ್ಲಿ ಒಂದನ್ನು ಕಟ್ಟಿ ಹಾರಿಸಿತು. ಬಳಿಕ ಹೆಚ್ಚು ಶಕ್ತಿಯ ಎಂಜಿನನ್ನು ಕೂಡಿಸಿ ತನ್ನ ಶಿಷ್ಯರಿಗಾಗಿ ಐವತ್ತಕ್ಕೂ ಹೆಚ್ಚು ವಿಮಾನಗಳನ್ನು ತಯಾರಿಸಿಕೊಂಡಿತು. ಎರಡೂ ಕಡೆಗಳಲ್ಲಿ ನಕಾಶೆಯನ್ನು ಕಾರ್ಖಾನೆಗೆ ಎಳೆತಂದುದು ಮೊದಲೇ ನಿಶ್ಚಿತವಾಗಿದ್ದ ಬೇಡಿಕೆ.

ಬೇಡಿಕೆಯು ಸಣ್ಣದಾದರೆ ಆಗುವ ನಷ್ಟವು ಹಣದ್ದಷ್ಟೇ ಅಲ್ಲ. ಮೇಲೆ ಹೇಳಿದಂತೆ ಈ ವಿಮಾನದ ಬಲವು ಕೆಲಸಗಾರರ ಕೈಯಲ್ಲಿದೆ. ಹತ್ತು ಹನ್ನೆರಡು ವಿಮಾನಗಳಾದ ಮೇಲೆ ಅಚ್ಚುಗಳು ಸುಮ್ಮನೆ ಬಿದ್ದರೆ, ಪಳಗಿದ ಕೈಗಳು ಬೇರೆ ಕೆಲಸಕ್ಕೆ ಹೋಗುತ್ತವೆ. ನಕಾಶೆಯು ಕಪಾಟಿನಲ್ಲಿ ಉಳಿದರೂ ವಿದ್ಯೆಯು ಉಳಿಯುವುದಿಲ್ಲ. ಕ್ಲಬ್ಬಿನಲ್ಲಿರುವ ವಿಮಾನಕ್ಕೆ ಬಾಗಿಲಿನ ಕೀಲೊಂದು ಬೇಕಾದರೂ ತಯಾರಿಸಿದವರ ಸಹಿ ಬೇಕು. ಆ ಸಹಿಯನ್ನು ಹಾಕುವವರು ಇಲ್ಲವಾದರೆ ಒಳ್ಳೆಯ ವಿಮಾನವೂ ಕೊಟ್ಟಿಗೆಯಲ್ಲಿಯೇ ನಿಲ್ಲುತ್ತದೆ. ಆಗ ಕ್ಲಬ್ಬಿನವರು ಬಿಡಿಭಾಗಗಳು ಸುಲಭವಾಗಿ ಸಿಗುವ ವಿದೇಶಿ ವಿಮಾನದ ಕಡೆಗೆ ನೋಡಿದರೆ ಅವರನ್ನು ದೂರುವಂತಿಲ್ಲ.

೬

ಪ್ರಯೋಗಾಲಯವು ಈ ಪಾಠವನ್ನು ಮರೆತಂತೆ ಕಾಣುವುದಿಲ್ಲ. ಹೊಸ ಪೀಳಿಗೆಯ ‘ಹಂಸ-ಎನ್.ಜಿ.’ ೨೦೨೧ರ ಸೆಪ್ಟೆಂಬರ್ ೩ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಗಡಿಯಾರದಂತಹ ಹಳೆಯ ಮಾಪಕಗಳ ಬದಲು ಗಾಜಿನ ಪರದೆಗಳು, ಇಂಧನವನ್ನು ಲೆಕ್ಕಹಾಕಿ ಸಿಂಪಡಿಸುವ ಹೊಸ ರೊಟಾಕ್ಸ್ ಎಂಜಿನ್, ವಿದ್ಯುತ್ತಿನಿಂದ ಚಲಿಸುವ ಫ್ಲಾಪುಗಳು ಇದರ ವಿಶೇಷಗಳು. ೨೦೨೨ರ ಆದಿಯಲ್ಲಿ ಪುದುಚೇರಿಗೆ ಹಾರಿ ಸಮುದ್ರಮಟ್ಟದ ಪರೀಕ್ಷೆಗಳನ್ನು ಮುಗಿಸಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾವಲಯದ ಮೇಲೆ, ೭೦೦೦ದಿಂದ ೮೦೦೦ ಅಡಿಗಳ ಎತ್ತರದಲ್ಲಿ ಎಂಜಿನನ್ನು ಬೇಕೆಂದೇ ನಿಲ್ಲಿಸಿ ಗಾಳಿಯಲ್ಲಿಯೇ ಮತ್ತೆ ಚಾಲೂ ಮಾಡುವ ಪರೀಕ್ಷೆಯೂ ನಡೆಯಿತು. ಶಿಷ್ಯರು ಹಾರಿಸುವ ವಿಮಾನದಲ್ಲಿ ಎಂಜಿನ್ ಎಂದಾದರೊಂದು ದಿನ ನಿಂತೇ ನಿಲ್ಲುವುದೆಂದು ಭಾವಿಸಿಯೇ ಇಂತಹ ಪರೀಕ್ಷೆಯನ್ನು ಮಾಡಬೇಕಾಗುತ್ತದೆ. ಮುಂದೆ ಮಾದರಿ ಪ್ರಮಾಣಪತ್ರವೂ ದೊರೆಯಿತು. ೨೦೨೫ರಲ್ಲಿ ತಯಾರಿಕೆಯ ವಿದ್ಯೆಯನ್ನು ಪಯೋನಿಯರ್ ಕ್ಲೀನ್ ಆಂಪ್ಸ್ ಎಂಬ ಖಾಸಗಿ ಸಂಸ್ಥೆಗೆ ಒಪ್ಪಿಸಲಾಯಿತು. ಕೆನಾರ್ಡ್ ವಿಮಾನವು ಹಾರಿದ ೧೯೮೭ರಿಂದ ಲೆಕ್ಕ ಹಾಕಿದರೆ ಇದು ೩೮ ವರ್ಷಗಳ ಪಯಣ.

ಈ ಸಲದ ಸಂದರ್ಭವು ಮೊದಲಿನದಕ್ಕಿಂತ ಭಿನ್ನವಾಗಿದೆ. ಚಾಲಕರ ಬೇಡಿಕೆಯು ಹೆಚ್ಚಿದುದರಿಂದ ೨೦೨೧ರಲ್ಲಿ ಹೊಸ ಹಾರಾಟ ಶಾಲೆಗಳಿಗಾಗಿ ಸ್ಥಳವನ್ನು ಹಂಚಿದ ದೇಶದ ಐದು ವಿಮಾನನಿಲ್ದಾಣಗಳಲ್ಲಿ ನಮ್ಮ ಬೆಳಗಾವಿ, ಕಲಬುರ್ಗಿಗಳೂ ಸೇರಿದ್ದವು. ವಿನ್ಯಾಸವಿದೆ, ಪ್ರಮಾಣಪತ್ರವಿದೆ, ಕಲಿಯುವವರಿದ್ದಾರೆ. ಆದರೂ ಯಶಸ್ಸನ್ನು ಅಳೆಯಬೇಕಾದುದು ಮೊದಲ ಹಾರಾಟದ ತಾರೀಖಿನಿಂದ ಅಲ್ಲ. ಐವತ್ತನೆಯ ಹಂಸವು ಐದನೆಯದರಂತೆಯೇ ಇದ್ದಿತೇ, ಬೆಳಗಾವಿಯಲ್ಲಿ ಮುರಿದ ಭಾಗವೊಂದಕ್ಕೆ ಬದಲಿಯು ಎಷ್ಟು ದಿನಗಳಲ್ಲಿ ಬಂದಿತು ಎಂಬ ಪ್ರಶ್ನೆಗಳಿಂದ ಅಳೆಯಬೇಕು. ಇವುಗಳ ಉತ್ತರವು ಪತ್ರಿಕೆಗಳಲ್ಲಿ ಸಿಗುವುದಿಲ್ಲ. ಕಾರ್ಖಾನೆಯ ದಿನಚರಿಗಳಲ್ಲಿ, ಅಚ್ಚುಗಳ ದಾಖಲೆಗಳಲ್ಲಿ, ಕ್ಲಬ್ಬುಗಳ ದುರಸ್ತಿ ಪುಸ್ತಕಗಳಲ್ಲಿ ಸಿಗುತ್ತದೆ. ಶಾಸನಗಳನ್ನೂ ಕಡತಗಳನ್ನೂ ಓದಲು ಕಲಿಸುವ ನಮ್ಮ ಇತಿಹಾಸ ವಿಭಾಗಗಳು ಇಂತಹ ಪುಸ್ತಕಗಳನ್ನೂ ಆಕರಗಳೆಂದು ಬಗೆದು, ಅವು ರದ್ದಿಗೆ ಹೋಗುವ ಮೊದಲೇ ಸಂಗ್ರಹಿಸುವುದು ಅಗತ್ಯ. ಮೊದಲ ಹದಿನಾಲ್ಕು ಹಂಸಗಳನ್ನು ಕಟ್ಟಿದ ಕೈಗಳ ಅನುಭವವನ್ನು ಕೇಳಿ ಬರೆದುಕೊಳ್ಳಲು ಇನ್ನೂ ಕಾಲ ಮಿಂಚಿಲ್ಲ.